ಕ್ಯಾಡಿಲಾಕ್ ಹೆಸರು ಗಳಿಸಿದ್ದು ಹೇಗೆ, ಕಳೆದುಕೊಂಡದ್ದು ಹೇಗೆ

2010ರಲ್ಲಿ ಅಮೆರಿಕ ಹೊಸ ಆರೋಗ್ಯ ವಿಮೆ ಕಾಯ್ದೆ ತಂದಾಗ ಅದರಲ್ಲಿ ಒಂದು ತೆರಿಗೆ ಇತ್ತು. ತುಂಬಾ ದುಬಾರಿಯಾದ ವಿಮೆ ಪಾಲಿಸಿಗಳ ಮೇಲೆ ಹಾಕಬೇಕಿದ್ದ ತೆರಿಗೆ. ಪತ್ರಿಕೆ, ಟಿವಿ, ಜನ ಎಲ್ಲರೂ ಅದನ್ನು ಕರೆದದ್ದು ‘ಕ್ಯಾಡಿಲಾಕ್ ಟ್ಯಾಕ್ಸ್’ ಎಂದು. ಜಾರಿಗೆ ಬರುವ ಮೊದಲೇ, 2019ರಲ್ಲಿ ಅದು ರದ್ದಾಯಿತು. ಆದರೆ ಆ ಹೆಸರು ನೋಡಿ. ಕ್ಯಾಡಿಲಾಕ್ ಎಂದರೆ ಅಮೆರಿಕದ ಒಂದು ಐಷಾರಾಮಿ ಕಾರು. ನಮ್ಮಲ್ಲಿ ಸಿರಿವಂತಿಕೆಗೆ ‘ಬೆಂಜ್ ಕಾರು’ ಅನ್ನುತ್ತೇವಲ್ವಾ, ಹಾಗೆ ಅಮೆರಿಕದಲ್ಲಿ ಯಾವುದೇ ವಸ್ತುವಿನ ಅತ್ಯುತ್ತಮ ದರ್ಜೆಗೆ ಕ್ಯಾಡಿಲಾಕ್ ಅನ್ನುತ್ತಾರೆ. ಹೊಲಿಗೆ ಯಂತ್ರವಿರಲಿ, ಆಸ್ಪತ್ರೆಯ ಹಾಸಿಗೆಯಿರಲಿ, ಒಳ್ಳೆಯದಿದ್ದರೆ ಅದು ‘ಅದರ ಜಾತಿಯ ಕ್ಯಾಡಿಲಾಕ್’.

ಅದೇ 2010ರಲ್ಲಿ ಅಮೆರಿಕದಲ್ಲಿ ಅತಿ ಹೆಚ್ಚು ಐಷಾರಾಮಿ ಕಾರು ಮಾರಿದ್ದು ಮಾತ್ರ ಜಪಾನಿನ ಲೆಕ್ಸಸ್.

ಮಾತಿನಲ್ಲಿ ಹೆಸರು ಉಳಿದಿತ್ತು, ರಸ್ತೆಯಲ್ಲಿ ಸವೆದಿತ್ತು. ಇದು ಹೇಗಾಯಿತು ಎಂದು ಕೇಳಿದರೆ ಸಾಮಾನ್ಯವಾಗಿ ಸಿಗುವ ಉತ್ತರ ಒಂದೇ: ಅಮೆರಿಕದ ಕಾರುಗಳು ಅತಿ ದೊಡ್ಡವು, ಅತಿ ಪೆಟ್ರೋಲ್ ಕುಡಿಯುತ್ತಿದ್ದವು, ಅದಕ್ಕೇ ಸೋತವು. ನನಗೆ ಈ ಉತ್ತರ ಸಾಲದು ಅನ್ನಿಸುತ್ತದೆ. ಕ್ಯಾಡಿಲಾಕ್‌ನ ಚರಿತ್ರೆಯನ್ನು ಮೊದಲಿಂದ ನೋಡಿದರೆ ಬೇರೆಯದೇ ಕಾರಣ ಕಾಣುತ್ತದೆ. ಹೊರಗಿನ ಅಂದದ ಹಿಂದೆ ಒಳಗಿನ ಗಟ್ಟಿ ಕೆಲಸ ಇದ್ದಷ್ಟು ಕಾಲ ಜನ ಏನನ್ನೂ ಒಪ್ಪಿದರು. ರೆಕ್ಕೆ ಕಟ್ಟಿದ ಕಾರನ್ನೂ ಒಪ್ಪಿದರು!

ಕಂಪನಿ ಹುಟ್ಟಿದ್ದು 1902ರಲ್ಲಿ, ಡೆಟ್ರಾಯಿಟ್‌ನಲ್ಲಿ. ಆ ಊರನ್ನು 1701ರಲ್ಲಿ ಕಟ್ಟಿದ ಫ್ರೆಂಚ್ ಅಧಿಕಾರಿಯ ಹೆಸರನ್ನೇ ಕಾರಿಗೆ ಇಟ್ಟರು. ಕಂಪನಿ ಕಟ್ಟಿದವರು ಹೆನ್ರಿ ಲೀಲ್ಯಾಂಡ್. (ನಮ್ಮ ಅಶೋಕ್ ಲೇಲ್ಯಾಂಡ್‌ಗೂ ಇವರಿಗೂ ಸಂಬಂಧವಿಲ್ಲ.) ಬಂದೂಕು ಕಾರ್ಖಾನೆಗಳಲ್ಲಿ ಪಳಗಿದ ಮನುಷ್ಯ. ಬಂದೂಕಿನ ಬಿಡಿಭಾಗ ಕೂದಲೆಳೆಯಷ್ಟು ಹೆಚ್ಚುಕಡಿಮೆ ಆದರೂ ಕೆಲಸಕ್ಕೆ ಬಾರದು. ಅದೇ ಶಿಸ್ತನ್ನು ಅವರು ಕಾರಿಗೆ ತಂದರು.

ಆ ಕಾಲದಲ್ಲಿ ಕಾರು ಎಂದರೆ ಬಡಗಿ ಕೆಲಸದ ಹಾಗೆ. ಒಂದೊಂದು ಭಾಗವನ್ನೂ ಅರದಿಂದ ಉಜ್ಜಿ, ಅಲ್ಲಲ್ಲೇ ಹೊಂದಿಸಿ ಕೂರಿಸಬೇಕಿತ್ತು. ಒಂದು ಕಾರಿನ ಪಿಸ್ಟನ್ ಅದೇ ಕಂಪನಿಯ ಇನ್ನೊಂದು ಕಾರಿಗೆ ಕೂರುತ್ತಿರಲಿಲ್ಲ. 1908ರಲ್ಲಿ ಇಂಗ್ಲೆಂಡಿನ ರಾಯಲ್ ಆಟೊಮೊಬೈಲ್ ಕ್ಲಬ್ ಮೂರು ಕ್ಯಾಡಿಲಾಕ್‌ಗಳನ್ನು ಪರೀಕ್ಷೆಗೆ ತೆಗೆದುಕೊಂಡಿತು. ಮೂರನ್ನೂ ಪೂರ್ತಿ ಬಿಚ್ಚಿದರು. ಬಿಡಿಭಾಗಗಳನ್ನೆಲ್ಲ ಒಂದೇ ರಾಶಿ ಮಾಡಿ ಕಲಸಿದರು. ಕೆಲವನ್ನು ತೆಗೆದುಹಾಕಿ ಅಂಗಡಿಯ ದಾಸ್ತಾನಿನಿಂದ ಹೊಸದನ್ನು ತಂದು ಸೇರಿಸಿದರು. ಆಮೇಲೆ ಆ ರಾಶಿಯಿಂದ ಬರೀ ಸ್ಪ್ಯಾನರು, ಸ್ಕ್ರೂಡ್ರೈವರುಗಳಲ್ಲೇ ಮೂರು ಕಾರು ಜೋಡಿಸಿದರು. ಮೂರೂ ಸ್ಟಾರ್ಟ್ ಆದವು. ಬ್ರೂಕ್‌ಲ್ಯಾಂಡ್ಸ್ ಟ್ರ್ಯಾಕಿನಲ್ಲಿ 500 ಮೈಲಿ ಓಡಿದವು. ಕ್ಲಬ್ ಕೊಡುವ ಆ ವರ್ಷದ ಡ್ಯೂವರ್ ಟ್ರೋಫಿ ಕ್ಯಾಡಿಲಾಕ್‌ಗೆ ಸಿಕ್ಕಿತು. ‘ಜಗತ್ತಿಗೇ ಮಾದರಿ’ ಎಂಬ ಅರ್ಥದ ಜಾಹೀರಾತು ಸಾಲನ್ನು ಕಂಪನಿ ಹೆಮ್ಮೆಯಿಂದ ಬಳಸತೊಡಗಿತು. ಆ ಹೆಮ್ಮೆಗೆ ಪುರಾವೆ ಇತ್ತು.

ಮುಂದಿನ ವರ್ಷ ಜನರಲ್ ಮೋಟಾರ್ಸ್ (ಜಿಎಂ) ಕ್ಯಾಡಿಲಾಕ್ ಅನ್ನು ಕೊಂಡಿತು. 1912ರ ಮಾದರಿಗೆ ಸೆಲ್ಫ್ ಸ್ಟಾರ್ಟ್ ಬಂತು. ಅಲ್ಲಿಯವರೆಗೆ ಮುಂದೆ ನಿಂತು ಹ್ಯಾಂಡಲ್ ತಿರುಗಿಸಬೇಕಿತ್ತು. ಎಂಜಿನ್ ತಟ್ಟನೆ ಹಿಂದಕ್ಕೆ ಒದ್ದರೆ ಕೈ ಮುರಿಯುತ್ತಿತ್ತು. ಬಟನ್ ಬಂದ ಮೇಲೆ ಯಾರು ಬೇಕಾದರೂ ಕಾರು ಹೊರಡಿಸಬಹುದಿತ್ತು. ಲೀಲ್ಯಾಂಡ್ 1917ರಲ್ಲಿ ಹೊರಬಂದು ಇನ್ನೊಂದು ಕಂಪನಿ ಕಟ್ಟಿದರು. ಅದೇ ಲಿಂಕನ್. 1922ರಲ್ಲಿ ಅದು ಫೋರ್ಡ್ ಪಾಲಾಯಿತು. ಅಂದರೆ ಅಮೆರಿಕದ ಎರಡು ದೊಡ್ಡ ಐಷಾರಾಮಿ ಹೆಸರುಗಳ ಹಿಂದೆ ಇದ್ದದ್ದು ಒಬ್ಬನೇ ಮನುಷ್ಯ, ಅಳತೆ ತಪ್ಪದ ಕೆಲಸಗಾರ.

ಇಲ್ಲಿಯವರೆಗೆ ಕಾರಿನ ಆಕಾರವನ್ನು ನಿರ್ಧರಿಸುತ್ತಿದ್ದವರು ಎಂಜಿನಿಯರುಗಳು. 1927ರಲ್ಲಿ ಜಿಎಂ ಹಾರ್ಲೆ ಅರ್ಲ್ ಎಂಬಾತನನ್ನು ಕರೆತಂದು, ಬರೀ ಅಂದ ನೋಡಿಕೊಳ್ಳುವುದಕ್ಕೇ ಒಂದು ವಿಭಾಗ ತೆರೆಯಿತು. ಹಾಲಿವುಡ್ ನಟರಿಗೆ ಕಾರಿನ ಬಾಡಿ ಕಟ್ಟಿಕೊಡುತ್ತಿದ್ದವರು ಅವರು. ಜೇಡಿಮಣ್ಣಿನಲ್ಲಿ ಪೂರ್ತಿ ಗಾತ್ರದ ಕಾರನ್ನು ಮೆತ್ತಿ, ಕೆತ್ತಿ, ಸುತ್ತು ಹಾಕಿ ನೋಡುವ ಪದ್ಧತಿ ರೂಢಿಯಾದದ್ದು ಅವರಿಂದ. ಅವರ ಗುರಿ ಸರಳವಾಗಿತ್ತು: ಕಾರು ಉದ್ದ ಕಾಣಬೇಕು, ತಗ್ಗಾಗಿ ಕಾಣಬೇಕು.

1941ರ ಸುಮಾರಿಗೆ ಅರ್ಲ್ ತನ್ನ ಹುಡುಗರನ್ನು ಒಂದು ಸೇನಾ ವಿಮಾನ ನೆಲೆಗೆ ಕರೆದೊಯ್ದು ಪಿ-38 ಯುದ್ಧವಿಮಾನ ತೋರಿಸಿದರು. ಎರಡು ಉದ್ದನೆಯ ದೇಹ, ಎರಡು ಬಾಲದ ವಿಮಾನ ಅದು. ಯುದ್ಧ ಮುಗಿದ ಮೇಲೆ, 1948ರ ಕ್ಯಾಡಿಲಾಕ್‌ನ ಹಿಂಭಾಗದಲ್ಲಿ ಎರಡು ಪುಟ್ಟ ಉಬ್ಬುಗಳಾಗಿ ಆ ಬಾಲ ಕಾಣಿಸಿಕೊಂಡಿತು. ಕಾರಿನ ‘ರೆಕ್ಕೆ’ ಅಂದರೆ ಈ ಉಬ್ಬೇ. ಪ್ರತಿ ಉಬ್ಬಿನ ತುದಿಗೂ ಒಂದು ಕೆಂಪು ದೀಪ. ಎಡಗಡೆಯ ದೀಪದ ಗುಬುಟನ್ನು ಮೇಲಕ್ಕೆ ಎತ್ತಿದರೆ ಒಳಗೆ ಪೆಟ್ರೋಲ್ ಟ್ಯಾಂಕಿನ ಮುಚ್ಚಳ! ಹೊರಗಿನಿಂದ ನೋಡಿದರೆ ಪೆಟ್ರೋಲ್ ಎಲ್ಲಿ ಹಾಕಬೇಕು ಅನ್ನುವುದೇ ಗೊತ್ತಾಗುವುದಿಲ್ಲ. 1941ರಲ್ಲಿ ಶುರುವಾದ ಈ ಜಾಣತನವನ್ನು ಅವರು ವರ್ಷಗಟ್ಟಲೆ ಉಳಿಸಿಕೊಂಡರು. ನನಗೆ ಇದು ತುಂಬಾ ಇಷ್ಟ. ಅಲಂಕಾರವೂ ಹೌದು, ಒಂದು ಕೆಲಸವನ್ನೂ ಮಾಡುತ್ತದೆ.

ಮತ್ತೆ 1949ರಲ್ಲಿ ಆ ಬಾಡಿಯ ಕೆಳಗೆ ಹೊಸ ವಿ8 (ವಿ ಆಕಾರದಲ್ಲಿ ಕೂತ ಎಂಟು ಸಿಲಿಂಡರಿನ) ಎಂಜಿನ್ ಬಂತು. ಹಳೆಯದಕ್ಕಿಂತ ಹಗುರ, ಹಳೆಯದಕ್ಕಿಂತ ಶಕ್ತಿಶಾಲಿ. ಮುಂದಿನ ದಶಕಗಳ ಅಮೆರಿಕದ ಎಂಜಿನ್‌ಗಳಿಗೆ ಅದು ದಾರಿ ತೋರಿಸಿತು. ರೆಕ್ಕೆಯ ಜೊತೆಗೆ ಎಂಜಿನ್ ಕೂಡ ಬಂದದ್ದರಿಂದ ರೆಕ್ಕೆಗೆ ಅರ್ಥ ಬಂತು.

ಆಮೇಲೆ ಹತ್ತು ವರ್ಷ ಆ ರೆಕ್ಕೆ ಬೆಳೆಯುತ್ತಲೇ ಹೋಯಿತು. 1959ರ ಕ್ಯಾಡಿಲಾಕ್ 5.7 ಮೀಟರ್ ಉದ್ದ. ನಮ್ಮ ಮಾರುತಿ ಆಲ್ಟೊ ಸುಮಾರು 3.5 ಮೀಟರ್. ಹಿಂದೆ ಚೂಪಾದ ಎರಡು ರೆಕ್ಕೆ, ಪ್ರತಿ ರೆಕ್ಕೆಯ ನಡುವಿನಿಂದ ಚಾಚಿಕೊಂಡ ಜೋಡಿ ಕೆಂಪು ದೀಪಗಳು, ರಾಕೆಟ್ಟಿನ ಬೆಂಕಿಯ ಹಾಗೆ. ಇದಕ್ಕೆ ಎರಡು ವರ್ಷ ಮೊದಲು ಎಲ್ಡೊರಾಡೊ ಬ್ರೋಮ್ ಎಂಬ ಕಾರು ಬಂದಿತ್ತು. ಬೆಲೆ 13,074 ಡಾಲರ್. ಆಗಿನ ರೋಲ್ಸ್ ರಾಯ್ಸ್‌ಗಿಂತ ಜಾಸ್ತಿ. ಛಾವಣಿ ಸ್ಟೇನ್‌ಲೆಸ್ ಸ್ಟೀಲ್. ಗ್ಲವ್ ಬಾಕ್ಸ್ ತೆರೆದರೆ ಅಡಿಗೆ ಅಯಸ್ಕಾಂತ ಇರುವ ಪುಟ್ಟ ಲೋಟಗಳು. ಕಾರು ಕುಲುಕಿದರೂ ಬೀಳಬಾರದು ಅಂತ. ಜೊತೆಗೆ ಸೆಂಟಿನ ಶೀಶೆ ಬೇರೆ. ಸ್ಪ್ರಿಂಗ್ ಬದಲು ಗಾಳಿ ತುಂಬಿದ ಸಸ್ಪೆನ್ಷನ್ ಇತ್ತು. ಅದು ಸೋರುತ್ತಿತ್ತು. ಬಹಳ ಜನ ಮಾಲೀಕರು ಅದನ್ನು ಕೀಳಿಸಿ ಮಾಮೂಲಿ ಸ್ಪ್ರಿಂಗ್ ಹಾಕಿಸಿಕೊಂಡರು. ಎರಡು ವರ್ಷದಲ್ಲಿ ತಯಾರಾದದ್ದು ಸುಮಾರು 700 ಕಾರು. ಇಲ್ಲಿ ಸೋಲು ಇತ್ತು, ಆದರೆ ಅದು ಮಿತಿ ಮೀರಿ ಪ್ರಯತ್ನಿಸಿದವರ ಸೋಲು.

ಈ ಕಾರುಗಳು ದೋಣಿಯ ಹಾಗೆ ತೇಲಾಡುತ್ತಿದ್ದವು ಎನ್ನುವ ಮಾತು ನಿಜ. ಅದಕ್ಕೂ ಕಾರಣವಿದೆ. 1956ರ ಕಾಯ್ದೆಯಿಂದ ಅಮೆರಿಕದಲ್ಲಿ ಅಂತರರಾಜ್ಯ ಹೆದ್ದಾರಿಗಳ ಜಾಲ ಏಳತೊಡಗಿತು. ನೂರಾರು ಮೈಲಿ ನೇರ ರಸ್ತೆ, ಸಮನಾದ ವೇಗ. ಅಲ್ಲಿ ಕುಟುಂಬ ಸಮೇತ ದಿನವಿಡೀ ಕೂತು ಹೋಗುವವರಿಗೆ ಬೇಕಾದದ್ದು ಮೆತ್ತನೆಯ ಸ್ಪ್ರಿಂಗ್, ಸದ್ದಿಲ್ಲದ ಎಂಜಿನ್. ಜರ್ಮನಿಯಲ್ಲಿ ಬೆಟ್ಟದ ತಿರುವುಗಳಿದ್ದವು, ಆಟೊಬಾನ್‌ನ ವೇಗವಿತ್ತು. ಅವರ ಕಾರು ಬಿಗಿಯಾಗಿ ಬೆಳೆಯಿತು. ರಸ್ತೆ ಹೇಗೋ ಕಾರು ಹಾಗೆ.

1961ರಲ್ಲಿ ಲಿಂಕನ್ ಮಾಡಿದ ಕೆಲಸ ನೋಡಿ. ಎಲ್ಲರೂ ರೆಕ್ಕೆ, ಕ್ರೋಮ್ ಎನ್ನುತ್ತಿದ್ದಾಗ ಎಲ್ವುಡ್ ಎಂಗೆಲ್ ಎಂಬ ವಿನ್ಯಾಸಕ ಎಲ್ಲವನ್ನೂ ಕಿತ್ತುಹಾಕಿದರು. ಹೊಸ ಲಿಂಕನ್ ಕಾಂಟಿನೆಂಟಲ್‌ನ ಬದಿ ಸಪಾಟು. ಮೇಲಂಚಿನಲ್ಲಿ ಮುಂದಿನಿಂದ ಹಿಂದಿನವರೆಗೆ ಒಂದೇ ಒಂದು ಹೊಳೆಯುವ ಗೆರೆ. ಹಿಂದಿನ ಬಾಗಿಲು ಹಿಮ್ಮುಖವಾಗಿ ತೆರೆಯುತ್ತದೆ, ನಮ್ಮ ಮನೆಯ ಜೋಡಿ ಬಾಗಿಲಿನ ಹಾಗೆ. ಹಳೆಯ ಲಿಂಕನ್‌ಗಿಂತ ಉದ್ದದಲ್ಲಿ ಒಂದು ಅಡಿಗೂ ಜಾಸ್ತಿ ಕಡಿಮೆ. ಅಷ್ಟೇ ಆಗಿದ್ದರೆ ಅದು ಬರೀ ಚಂದದ ಕಾರು. ಪ್ರತಿ ಕಾರನ್ನೂ ಕಾರ್ಖಾನೆಯಿಂದ ಬಿಡುವ ಮೊದಲು 12 ಮೈಲಿ ರಸ್ತೆಯಲ್ಲಿ ಓಡಿಸಿ ಪರೀಕ್ಷಿಸುತ್ತಿದ್ದರು. 24 ತಿಂಗಳು ಅಥವಾ 24,000 ಮೈಲಿ ವಾರಂಟಿ ಕೊಟ್ಟರು, ಆ ಕಾಲಕ್ಕೆ ಅದು ದೊಡ್ಡ ಧೈರ್ಯ. ಅಧ್ಯಕ್ಷ ಕೆನಡಿ ಗುಂಡೇಟಿಗೆ ಬಲಿಯಾದದ್ದು ಇದೇ ಮಾದರಿಯ ತೆರೆದ ಕಾರಿನಲ್ಲಿ. ಆಮೇಲೆ ಅದಕ್ಕೆ ಗುಂಡು ನಿರೋಧಕ ಕವಚ, ಛಾವಣಿ ಹಾಕಿ 1977ರವರೆಗೆ ಬಳಸಿದರು. ಇವತ್ತು ಅದು ಡಿಯರ್‌ಬಾರ್ನ್‌ನ ಹೆನ್ರಿ ಫೋರ್ಡ್ ಮ್ಯೂಸಿಯಂನಲ್ಲಿದೆ. ಮಿಷಿಗನ್ ಕಡೆ ಇರುವ ಕನ್ನಡಿಗರು, ಅಲ್ಲಿಗೆ ಹೋಗುವವರು, ಒಮ್ಮೆ ಆ ಬದಿಯ ಗೆರೆಯನ್ನು ಕಣ್ಣಾರೆ ನೋಡಬೇಕು.

ಇನ್ನು ಕೆಡುಕಿನ ಬೀಜ ಬಿದ್ದದ್ದು ಎಲ್ಲಿ ಎಂದು ಹೇಳುತ್ತೇನೆ. ನನ್ನ ಪ್ರಕಾರ ಅದು 1968ರಲ್ಲಿ, ಅದೂ ಒಂದು ದೊಡ್ಡ ಗೆಲುವಿನ ರೂಪದಲ್ಲಿ. ಫೋರ್ಡ್‌ನ ಲೀ ಅಯಕೋಕ ತನ್ನ ವಿನ್ಯಾಸಕರಿಗೆ, ಥಂಡರ್‌ಬರ್ಡ್ ಕಾರಿಗೆ ರೋಲ್ಸ್ ರಾಯ್ಸ್ ಥರದ ಗ್ರಿಲ್ ಹಾಕಿ ಎಂದರು. ಹಾಕಿದರು. ಹೆಸರು ಲಿಂಕನ್ ಮಾರ್ಕ್ 3. ಕೆಳಗೆ ಥಂಡರ್‌ಬರ್ಡ್ ಅಡಿಪಾಯ, ಮೇಲೆ ಲಿಂಕನ್ ಬೆಲೆ. ಚೆನ್ನಾಗಿ ಮಾರಾಟವಾಯಿತು, ಒಳ್ಳೆಯ ಲಾಭ ತಂದಿತು. ಆಗ ಡೆಟ್ರಾಯಿಟ್, ಅಂದರೆ ಅಮೆರಿಕದ ಕಾರು ಉದ್ಯಮ, ಒಂದು ಪಾಠ ಕಲಿಯಿತು: ಹೊಸ ಎಂಜಿನ್ ಮಾಡಲು ಕೋಟಿಗಟ್ಟಲೆ ಬೇಕು, ಅಲಂಕಾರಕ್ಕೆ ಪುಡಿಗಾಸು ಸಾಕು. ಗ್ರಾಹಕ ಅಲಂಕಾರಕ್ಕೇ ದುಡ್ಡು ಕೊಡುತ್ತಾನೆ.

1970ರ ದಶಕ ಪೂರ್ತಿ ಆ ಪಾಠದ್ದೇ. ಲೋಹದ ಛಾವಣಿಯ ಮೇಲೆ ವಿನೈಲ್ ಹೊದಿಕೆ. ಹಿಂದಿನ ಕಂಬದಲ್ಲಿ ಪುಟ್ಟ ಅಂಡಾಕಾರದ ಕಿಟಕಿ. ಸೋಫಾ ದಿಂಬಿನ ಹಾಗೆ ಗುಂಡಿ ಹೊಲಿದ ಮಖಮಲ್ ಸೀಟು. 1976ರಲ್ಲಿ ಲಿಂಕನ್ ಮಾರ್ಕ್ 4 ಕಾರು ಕಾರ್ಟಿಯೆ, ಜಿವಾಂಶಿ, ಪುಚ್ಚಿ, ಬಿಲ್ ಬ್ಲಾಸ್ ಹೆಸರುಗಳಲ್ಲಿ ಬಂತು. ಅಂದರೆ ಒಡವೆ ಅಂಗಡಿಯವರ, ಬಟ್ಟೆ ವಿನ್ಯಾಸಕರ ಹೆಸರು. ಬಣ್ಣ, ಬಟ್ಟೆ ಬೇರೆ, ಕಾರು ಅದೇ.

ಅದೇ ಹೊತ್ತಿಗೆ ಒಳಗಿನ ಶಕ್ತಿ ಸೋರಿಹೋಗುತ್ತಿತ್ತು. 1970ರ ಕ್ಯಾಡಿಲಾಕ್ ಎಲ್ಡೊರಾಡೊದಲ್ಲಿ 8.2 ಲೀಟರ್ ಎಂಜಿನ್. ನಮ್ಮ ಸಾಮಾನ್ಯ 1.2 ಲೀಟರ್ ಕಾರಿನ ಏಳು ಎಂಜಿನ್ ಸೇರಿಸಿದಷ್ಟು. ಕಾಗದದ ಮೇಲೆ ಶಕ್ತಿ 400 ಅಶ್ವಶಕ್ತಿ. 1976ರ ಹೊತ್ತಿಗೆ ಅದೇ ಗಾತ್ರದ ಎಂಜಿನ್‌ನ ಶಕ್ತಿ 190. ಇದರಲ್ಲಿ ಸ್ವಲ್ಪ ಭಾಗ ಲೆಕ್ಕದ ಬದಲಾವಣೆ. ಮೊದಲು ಎಂಜಿನ್ ಅನ್ನು ಹೊರಗಿಟ್ಟು, ಫ್ಯಾನು ಸೈಲೆನ್ಸರ್ ಇಲ್ಲದೆ ಅಳೆಯುತ್ತಿದ್ದರು. 1972ರ ಮಾದರಿಗಳಿಂದ ಕಾರಿನಲ್ಲಿ ಇರುವ ಹಾಗೆಯೇ ಅಳೆಯತೊಡಗಿದರು. ಉಳಿದದ್ದು ನಿಜವಾದ ಕುಸಿತ. ಹೊಗೆ ನಿಯಮಗಳು ಬಂದವು, ಸೀಸವಿಲ್ಲದ ಪೆಟ್ರೋಲ್ ಬಂತು, ಅದಕ್ಕೆ ತಕ್ಕಂತೆ ಎಂಜಿನ್‌ನ ಒತ್ತಡ ತಗ್ಗಿಸಬೇಕಾಯಿತು.

1973ರಲ್ಲಿ ಅರಬ್ ದೇಶಗಳು ತೈಲ ನಿಲ್ಲಿಸಿದವು. 1975ರಲ್ಲಿ ಮೈಲೇಜ್ ಕಾಯ್ದೆ ಬಂತು. ಅದು ಒಂದೊಂದು ಕಾರಿಗೆ ಮಿತಿ ಹಾಕಲಿಲ್ಲ. ಒಂದು ಕಂಪನಿ ಮಾರುವ ಎಲ್ಲ ಕಾರುಗಳ ಸರಾಸರಿ 1978ಕ್ಕೆ ಗ್ಯಾಲನ್ನಿಗೆ 18 ಮೈಲಿ, 1985ಕ್ಕೆ 27.5 ಮೈಲಿ ಆಗಬೇಕು ಎಂದಿತು. ನಮ್ಮ ಲೆಕ್ಕದಲ್ಲಿ ಲೀಟರಿಗೆ ಸುಮಾರು 7.6 ಮತ್ತು 11.7 ಕಿಲೋಮೀಟರ್. ಒಂದು ದೊಡ್ಡ ಕ್ಯಾಡಿಲಾಕ್ ಮಾರಿದರೆ ಸರಾಸರಿ ಸರಿದೂಗಿಸಲು ಸಣ್ಣ ಕಾರುಗಳನ್ನೂ ಮಾರಬೇಕು.

ಗಾತ್ರ ಇಳಿಸಿದ್ದೇ ತಪ್ಪು ಎನ್ನುವವರಿಗೆ ಇಲ್ಲೊಂದು ಉತ್ತರ ಇದೆ. 1977ರಲ್ಲಿ ಕ್ಯಾಡಿಲಾಕ್ ತನ್ನ ದೊಡ್ಡ ಕಾರುಗಳನ್ನು ಚಿಕ್ಕದು ಮಾಡಿತು, ತೂಕ ಇಳಿಸಿತು. ಜನ ಓಡಿಹೋಗಲಿಲ್ಲ. 1978ರಲ್ಲಿ ಕಂಪನಿ ಸುಮಾರು 3.5 ಲಕ್ಷ ಕಾರು ಮಾರಿ ದಾಖಲೆ ಮಾಡಿತು. ಜಾಗ, ನಯ, ಗಟ್ಟಿತನ ಉಳಿದಿತ್ತು. ಅಷ್ಟು ಸಾಕಾಯಿತು.

ಮುಂದಿನ ಎಂಟು ವರ್ಷ ಓದುವಾಗ ನನಗೆ ಬೇಸರವಾಗುತ್ತದೆ. ಮೊದಲು ಡೀಸೆಲ್. ಜಿಎಂ ಬಳಗದ ಓಲ್ಡ್ಸ್‌ಮೊಬೈಲ್ ತಯಾರಿಸಿದ 5.7 ಲೀಟರ್ ಡೀಸೆಲ್ ಎಂಜಿನ್ ಕ್ಯಾಡಿಲಾಕ್‌ಗೂ ಬಂತು. ಡೀಸೆಲ್ ಎಂಜಿನ್‌ನೊಳಗಿನ ಒತ್ತಡ ಪೆಟ್ರೋಲ್ ಎಂಜಿನ್‌ಗಿಂತ ಎರಡು ಪಟ್ಟಿಗೂ ಜಾಸ್ತಿ. ಅದನ್ನು ತಡೆಯಲು ಎಂಜಿನ್‌ನ ಹೆಡ್ ಅನ್ನು (ಸಿಲಿಂಡರುಗಳ ಮೇಲಿನ ಮುಚ್ಚಳವನ್ನು) ಹೆಚ್ಚು ಬೋಲ್ಟುಗಳಿಂದ ಬಿಗಿಯಬೇಕು. ಇವರು ಪೆಟ್ರೋಲ್ ಎಂಜಿನ್‌ನಲ್ಲಿದ್ದಷ್ಟೇ ಬೋಲ್ಟು ಉಳಿಸಿಕೊಂಡರು, ಅದೇ ಯಂತ್ರಗಳಲ್ಲಿ ತಯಾರಿಸಬಹುದಲ್ಲ ಎಂದು. ಬೋಲ್ಟು ಸಡಿಲವಾಯಿತು, ಹೆಡ್ ಕೆಳಗೆ ಸೋರಿಕೆ ತಡೆಯುವ ತೆಳು ಗ್ಯಾಸ್ಕೆಟ್ ಹೋಯಿತು, ಎಂಜಿನ್ ಕೆಟ್ಟಿತು. ಡೀಸೆಲ್‌ನಲ್ಲಿನ ನೀರನ್ನು ಬೇರ್ಪಡಿಸುವ ಫಿಲ್ಟರ್ ಕೂಡ ಕೊಟ್ಟಿರಲಿಲ್ಲ. ಬಂದೂಕಿನ ಅಳತೆಯಲ್ಲಿ ಕಾರು ಕಟ್ಟಿದ ಲೀಲ್ಯಾಂಡ್ ಅವರ ಕಂಪನಿಯಲ್ಲಿ ಹೀಗಾಯಿತು.

1981ರಲ್ಲಿ ಬಂದದ್ದು ಎಂಟು, ಆರು, ನಾಲ್ಕು ಸಿಲಿಂಡರುಗಳ ನಡುವೆ ತಾನೇ ಬದಲಾಗುವ ಎಂಜಿನ್. ಶಕ್ತಿ ಬೇಡದಾಗ ಕೆಲವು ಸಿಲಿಂಡರು ಸುಮ್ನಿರುತ್ತವೆ, ಪೆಟ್ರೋಲ್ ಉಳಿಯುತ್ತದೆ. ಒಳ್ಳೆಯ ಯೋಚನೆ. ಇವತ್ತಿನ ಎಷ್ಟೋ ಕಾರುಗಳಲ್ಲಿ ಅದು ಸಲೀಸಾಗಿ ಕೆಲಸ ಮಾಡುತ್ತದೆ. ಆದರೆ ಆಗಿನ ಕಂಪ್ಯೂಟರ್ ನಿಧಾನ. ಕಾರು ಜಗ್ಗುತ್ತಿತ್ತು. ಕೊನೆಗೆ ಮೆಕ್ಯಾನಿಕ್‌ಗಳು ಒಂದು ವೈರ್ ಕಿತ್ತು, ಸದಾ ಎಂಟೂ ಸಿಲಿಂಡರು ಓಡುವ ಹಾಗೆ ಮಾಡಿಕೊಡತೊಡಗಿದರು. ಮರುವರ್ಷ ಅವಸರದಲ್ಲಿ ತಂದ ಅಲ್ಯೂಮಿನಿಯಂ ಎಂಜಿನ್‌ನದು ಬೇರೆ ರೋಗ. ಕೆಳಗೆ ಅಲ್ಯೂಮಿನಿಯಂ, ಮೇಲಿನ ಹೆಡ್ ಕಬ್ಬಿಣ. ಬಿಸಿಗೆ ಎರಡೂ ಬೇರೆ ಬೇರೆ ಪ್ರಮಾಣದಲ್ಲಿ ಹಿಗ್ಗುತ್ತವೆ. ನಡುವಿನ ಗ್ಯಾಸ್ಕೆಟ್ ತಾಳಲಿಲ್ಲ.

ಅದೇ 1982ಕ್ಕೆ ಸಿಮರಾನ್ ಬಂತು. ಷೆವರ್ಲೆಯ ಅಗ್ಗದ ಕ್ಯಾವಲಿಯರ್ ಕಾರಿಗೆ ಚರ್ಮದ ಸೀಟು, ಕ್ಯಾಡಿಲಾಕ್ ಲಾಂಛನ ಹಾಕಿದ ಗಾಡಿ. ನಾಲ್ಕು ಸಿಲಿಂಡರು, 88 ಅಶ್ವಶಕ್ತಿ, ಬೆಲೆ ಸುಮಾರು 12,000 ಡಾಲರ್. ಬಾಗಿಲು, ಕಿಟಕಿ, ಛಾವಣಿ, ಎಲ್ಲ ಗೆರೆಗಳೂ ಕ್ಯಾವಲಿಯರ್‌ನವೇ. ‘ಮೇಲೆಲ್ಲ ಥಳುಕು, ಒಳಗೆಲ್ಲ ಹುಳುಕು’ ಎನ್ನುತ್ತಾರಲ್ಲ, ಇದರಲ್ಲಿ ಥಳುಕು ಕೂಡ ಅಷ್ಟಕ್ಕಷ್ಟೇ. ಪಕ್ಕದ ಮನೆಯವನ ಅಗ್ಗದ ಕಾರು, ನಿಮ್ಮ ದುಬಾರಿ ಕಾರು ಒಂದೇ ಥರ ಕಂಡರೆ ಲಾಂಛನಕ್ಕೆ ಬೆಲೆ ಎಲ್ಲಿ? ಹೆಸರು ಎನ್ನುವುದು ಬ್ಯಾಂಕಿನಲ್ಲಿಟ್ಟ ಹಣದ ಹಾಗೆ. ಲೀಲ್ಯಾಂಡ್ ಕಾಲದಿಂದ ಕೂಡಿಟ್ಟದ್ದನ್ನು ಇಲ್ಲಿ ತೆಗೆದು ತೆಗೆದು ಖರ್ಚು ಮಾಡಿದರು.

ಎಲ್ಡೊರಾಡೊ 1986ರಲ್ಲಿ ಎಷ್ಟು ಕುಗ್ಗಿತೆಂದರೆ ಜಿಎಂನ ಅಗ್ಗದ ಸಣ್ಣ ಕಾರುಗಳಿಗೂ ಅದಕ್ಕೂ ವ್ಯತ್ಯಾಸ ಕಾಣದಾಯಿತು. ಒಂದೇ ವರ್ಷದಲ್ಲಿ ಅದರ ತಯಾರಿಕೆ 76,000ದಿಂದ 21,000ಕ್ಕೆ ಬಿತ್ತು. ಲಿಂಕನ್‌ನವರು ಅದೇ ಸುಮಾರಿಗೆ ಒಂದು ಟಿವಿ ಜಾಹೀರಾತು ಮಾಡಿದ್ದರು. ಹೋಟೆಲಿನ ಬಾಗಿಲಲ್ಲಿ ಕಾರು ತಂದುಕೊಡುವ ಹುಡುಗ. ಕ್ಯಾಡಿಲಾಕ್ ಯಾವುದು, ಬ್ಯೂಕ್ ಯಾವುದು, ಓಲ್ಡ್ಸ್‌ಮೊಬೈಲ್ ಯಾವುದು ಎಂದು ಅವನಿಗೂ ಗೊತ್ತಾಗುವುದಿಲ್ಲ, ಮಾಲೀಕರಿಗೂ ಗೊತ್ತಾಗುವುದಿಲ್ಲ. ಲಿಂಕನ್ ಮಾಲೀಕ ಮಾತ್ರ ತನ್ನ ಕಾರು ಗುರುತಿಸಿ ಹತ್ತಿ ಹೋಗುತ್ತಾನೆ.

ಇಲ್ಲಿ ಕಣ್ಣಿಗೆ ಸಂಬಂಧಿಸಿದ ಒಂದು ವಿಷಯ ತಿಳಿದಿರಬೇಕು. ಎಂಜಿನ್ ಉದ್ದಕ್ಕೆ ಕೂತು ಹಿಂದಿನ ಚಕ್ರ ತಿರುಗಿಸುವ ಕಾರಿನಲ್ಲಿ ಮುಂದಿನ ಚಕ್ರ ಬಾಗಿಲಿನಿಂದ ದೂರ ಇರುತ್ತದೆ. ಬಾನೆಟ್ ಉದ್ದ ಕಾಣುತ್ತದೆ. ಎಂಜಿನ್ ಅಡ್ಡಕ್ಕೆ ಕೂತು ಮುಂದಿನ ಚಕ್ರ ತಿರುಗಿಸುವ ಕಾರಿನಲ್ಲಿ ಚಕ್ರ ಬಾಗಿಲಿಗೆ ಹತ್ತಿರ ಬರುತ್ತದೆ, ಮೂತಿ ಮುಂದಕ್ಕೆ ಜೋತುಬೀಳುತ್ತದೆ. ರಸ್ತೆ ಬದಿಯಲ್ಲಿ ನಿಂತು ಒಂದು ಬೆಂಜ್ ಸೆಡಾನ್, ಒಂದು ಹೋಂಡಾ ಸಿಟಿ ನೋಡಿ. ಮುಂದಿನ ಚಕ್ರಕ್ಕೂ ಬಾಗಿಲಿಗೂ ನಡುವೆ ಎಷ್ಟು ಜಾಗ ಇದೆ ಅಂತ ಗಮನಿಸಿ. ದುಬಾರಿ ಕಾರು ‘ದುಬಾರಿಯಾಗಿ ಕಾಣುವ’ ಗುಟ್ಟು ಬಹುಪಾಲು ಅಲ್ಲೇ ಇದೆ. 1980ರ ದಶಕದ ಕ್ಯಾಡಿಲಾಕ್‌ಗಳು ಜಾಗ, ಮೈಲೇಜ್ ಉಳಿಸಲು ಆ ಅಂತರವನ್ನೇ ಬಿಟ್ಟುಕೊಟ್ಟವು.

ಹೀಗೆ ಬಾಗಿಲು ತೆರೆದಿಟ್ಟ ಮೇಲೆ, 1989ರಲ್ಲಿ ಟೊಯೋಟಾ ತನ್ನ ಲೆಕ್ಸಸ್ ಎಲ್‌ಎಸ್ 400 ತಂದಿತು. ಬೆಲೆ 35,000 ಡಾಲರ್. ಅದರ ಜಾಹೀರಾತಿನಲ್ಲಿ ಬಾನೆಟ್ ಮೇಲೆ ಶಾಂಪೇನ್ ಗ್ಲಾಸುಗಳ ಗೋಪುರ ಕಟ್ಟಿ, ನಿಂತಲ್ಲೇ ಚಕ್ರಗಳನ್ನು ಭರ್ತಿ ವೇಗದಲ್ಲಿ ತಿರುಗಿಸುತ್ತಾರೆ. ಒಂದು ಗ್ಲಾಸೂ ಅಲುಗುವುದಿಲ್ಲ. ಕೆಲವೇ ತಿಂಗಳಲ್ಲಿ ಒಂದು ದೋಷ ಕಾಣಿಸಿ ಸುಮಾರು 8,000 ಕಾರು ಹಿಂದಕ್ಕೆ ಕರೆಸಬೇಕಾಯಿತು. ಡೀಲರುಗಳು ಗ್ರಾಹಕರ ಮನೆಯಿಂದಲೇ ಕಾರು ಒಯ್ದು, ರಿಪೇರಿ ಮಾಡಿ, ತೊಳೆದು, ಪೆಟ್ರೋಲ್ ತುಂಬಿಸಿ ವಾಪಸ್ ಬಿಟ್ಟರು. ಮೆತ್ತನೆಯ ಓಟ, ಸದ್ದಿಲ್ಲದ ಒಳಾಂಗಣ, ಇದೆಲ್ಲ ಕ್ಯಾಡಿಲಾಕ್‌ನದೇ ಆಸ್ತಿಯಾಗಿತ್ತು. ಲೆಕ್ಸಸ್ ಅದನ್ನೇ ಕೆಡದ ಎಂಜಿನ್ ಜೊತೆ ಕೊಟ್ಟಿತು.

1990ರ ದಶಕದಲ್ಲಿ ಡೆಟ್ರಾಯಿಟ್‌ಗೆ ಹಣ ತಂದದ್ದು ಎಸ್‌ಯುವಿ. ಟ್ರಕ್ ವರ್ಗಕ್ಕೆ ಮೈಲೇಜ್ ನಿಯಮ ಸಡಿಲವಿತ್ತು. ಲಿಂಕನ್ ನ್ಯಾವಿಗೇಟರ್ ಗೆದ್ದದ್ದು ನೋಡಿ, ಕ್ಯಾಡಿಲಾಕ್ ಜಿಎಂನದೇ ಇನ್ನೊಂದು ಎಸ್‌ಯುವಿಗೆ ತನ್ನ ಲಾಂಛನ ಅಂಟಿಸಿ ಎಸ್ಕಲೇಡ್ ಬಿಟ್ಟಿತು. 1998ರ ಮಾರಾಟದಲ್ಲಿ ಲಿಂಕನ್ ಅನ್ನು ಹಿಂದಿಕ್ಕಿದ್ದೇವೆ ಎಂದು ತೋರಿಸಲು 4,773 ಗಾಡಿ ಜಾಸ್ತಿ ಲೆಕ್ಕ ಬರೆದು, ಆಮೇಲೆ ಒಪ್ಪಿಕೊಂಡು ಕ್ಷಮೆ ಕೇಳಬೇಕಾಯಿತು. ಎಸ್ಕಲೇಡ್ ಮುಂದೆ ನಿಜವಾಗಿಯೂ ಗೆದ್ದಿತು. ರ‍್ಯಾಪ್ ಹಾಡುಗಾರರು, ಬ್ಯಾಸ್ಕೆಟ್‌ಬಾಲ್ ಆಟಗಾರರು ಅದನ್ನು ಮೆಚ್ಚಿದರು. ನಿವೃತ್ತರ ಕಾರು ಎನಿಸಿಕೊಂಡಿದ್ದ ಹೆಸರಿಗೆ ಮತ್ತೆ ಯೌವನ ಬಂತು.

ನಿಜವಾದ ಚೇತರಿಕೆ 2002ರ ಸಿಟಿಎಸ್ ಸೆಡಾನ್‌ನಿಂದ ಎಂದು ನಾನು ನಂಬುತ್ತೇನೆ. ಹೊಸ ಅಡಿಪಾಯ, ಹಿಂದಿನ ಚಕ್ರದ ಚಾಲನೆ, ಚಕ್ರಕ್ಕೂ ಬಾಗಿಲಿಗೂ ನಡುವೆ ಮತ್ತೆ ಸಿಕ್ಕಿದ ಆ ಅಂತರ. ಕಾಗದ ಮಡಿಸಿದ ಹಾಗೆ ಚೂಪಾದ ಅಂಚುಗಳು. ಸ್ಟೆಲ್ತ್ ಯುದ್ಧವಿಮಾನದ ಛಾಯೆ ಅದರಲ್ಲಿ ಕಾಣುತ್ತಿತ್ತು. 2008ರಲ್ಲಿ ಅದರ ವೇಗದ ಮಾದರಿ ಜರ್ಮನಿಯ ನೂರ್ಬರ್ಗ್‌ರಿಂಗ್ ಟ್ರ್ಯಾಕನ್ನು 8 ನಿಮಿಷದೊಳಗೆ ಸುತ್ತಿತು, ಬಿಎಂಡಬ್ಲ್ಯು, ಬೆಂಜ್‌ಗಳ ತವರಿನಲ್ಲೇ.

ಆದರೆ ಕೆಟ್ಟ ಹೆಸರು ಅಷ್ಟು ಬೇಗ ಹೋಗುವುದಿಲ್ಲ. ಒಳ್ಳೆಯ ಕಾರು ಮಾಡಿದ ಮೇಲೂ ಇಪ್ಪತ್ತು ವರ್ಷದ ಹಿಂದಿನ ಗ್ಯಾಸ್ಕೆಟ್ಟನ್ನು ಜನ ನೆನಪಿಟ್ಟಿದ್ದರು. ಕಂಪನಿಯೂ ತಡಬಡಾಯಿಸಿತು. ಸೆವಿಲ್, ಡಿ ವಿಲ್ ಎಂಬ ಹಳೆಯ ಹೆಸರು ಬಿಟ್ಟು ಅಕ್ಷರ, ಅಂಕಿಗಳ ಹೆಸರು ಇಟ್ಟಿತು. 2015ರಲ್ಲಿ ಮುಖ್ಯ ಕಚೇರಿಯನ್ನು ನ್ಯೂಯಾರ್ಕಿಗೆ ಒಯ್ದು, ಕೆಲವೇ ವರ್ಷದಲ್ಲಿ ಮತ್ತೆ ಮಿಷಿಗನ್‌ಗೆ ತಂದಿತು. ಹಳೆಯ ನೆನಪು ಇಲ್ಲದ ಚೀನಾದಲ್ಲಿ ಮಾತ್ರ ಕ್ಯಾಡಿಲಾಕ್ ಬೇಗ ಬೆಳೆಯಿತು. 2017ರಲ್ಲಿ ಅಮೆರಿಕಕ್ಕಿಂತ ಅಲ್ಲೇ ಜಾಸ್ತಿ ಮಾರಾಟವಾಯಿತು. ಈ ನಡುವೆ 2012ರಲ್ಲಿ ಕ್ಯಾಲಿಫೋರ್ನಿಯಾದ ಟೆಸ್ಲಾ ಮಾಡೆಲ್ ಎಸ್ ತಂದು, ಅಮೆರಿಕದ ದುಬಾರಿ ಸೆಡಾನನ್ನು ಮತ್ತೆ ಶ್ರೀಮಂತರ ಬಯಕೆಯಾಗಿಸಿತು. ಅದಕ್ಕೆ ಡೆಟ್ರಾಯಿಟ್‌ನ ಚರಿತ್ರೆಯೇ ಬೇಕಾಗಲಿಲ್ಲ. ಲಿಂಕನ್ 2020ರಲ್ಲಿ ಕಾಂಟಿನೆಂಟಲ್ ನಿಲ್ಲಿಸಿತು. ಈಗ ಅಮೆರಿಕದಲ್ಲಿ ಅದು ಮಾರುವುದು ಎಸ್‌ಯುವಿ ಮಾತ್ರ.

ಡೆಟ್ರಾಯಿಟ್ ಪಕ್ಕದ ವಾರೆನ್‌ನಲ್ಲಿ ಜಿಎಂನ ತಾಂತ್ರಿಕ ಕೇಂದ್ರವಿದೆ. 1956ರಲ್ಲಿ ತೆರೆದದ್ದು, ಹಾರ್ಲೆ ಅರ್ಲ್ ತಂಡ ಕೆಲಸ ಮಾಡಿದ ಜಾಗ. ಈಗ ಅಲ್ಲಿ ಸೆಲೆಸ್ಟಿಕ್ ಎಂಬ ವಿದ್ಯುತ್ ಕ್ಯಾಡಿಲಾಕ್ ಅನ್ನು ಒಂದೊಂದಾಗಿ ಕೈಯಲ್ಲೇ ಕಟ್ಟುತ್ತಾರೆ. ಮೊದಲು ಬಂದಾಗ ಬೆಲೆ 3,40,000 ಡಾಲರ್‌ನಿಂದ ಮೇಲಕ್ಕೆ ಇತ್ತು. ಅದರ ಹಿಂದೆ ರೆಕ್ಕೆ ಇಲ್ಲ. ಆದರೆ ಕೆಂಪು ದೀಪಗಳು ಇನ್ನೂ ನೆಟ್ಟಗೆ, ಉದ್ದಕ್ಕೆ ನಿಂತಿವೆ, 1948ರ ಆ ಉಬ್ಬು ಇದ್ದ ಮೂಲೆಯಲ್ಲೇ.